ಮೊದಲ ಮಳೆಗೆ ಒಂದು ತೊಟ್ಟಿ: 6,96,000 ರೂಪಾಯಿಗೆ ನಮಗೆ ಸಿಕ್ಕಿದ್ದೇನು

ನಮ್ಮದು ಸರ್ಜಾಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ 48 ಮನೆಗಳ ಅಪಾರ್ಟ್‌ಮೆಂಟು. ಬ್ಯಾಂಕಿನಿಂದ ನಿವೃತ್ತಳಾದ ವಾರಕ್ಕೇ ಸಂಘದ ಖಜಾಂಚಿ ಕೆಲಸ ನನ್ನ ಕೊರಳಿಗೆ ಬಿತ್ತು. "ಮೇಡಂಗೆ ಲೆಕ್ಕ ಬರತ್ತೆ" ಅಂದರು. ಅದೊಂದೇ ಅರ್ಹತೆ. ಆ ಅರ್ಹತೆಯ ಬಲದಲ್ಲೇ ನಾವು ಹಾಕಿಸಿದ ಮಳೆನೀರು ಕೊಯ್ಲಿನ ಏರ್ಪಾಡಿನ ಈ ವಿಮರ್ಶೆಯನ್ನೂ ಬರೆಯುತ್ತಿದ್ದೇನೆ, ಎರಡು ಮಳೆಗಾಲ ಕಳೆದ ಮೇಲೆ. ಅದನ್ನು ಕಟ್ಟಿಕೊಟ್ಟ ಕಂಪನಿಯ ಹೆಸರು ಹಾಕುವುದಿಲ್ಲ. ಬಾಕಿ ಹಣದ ಮಾತು ಇನ್ನೂ ನಡೆಯುತ್ತಿದೆ, ಮತ್ತೆ ನಾನು ಹೇಳಬೇಕಾದ ದೂರು ಆ ಒಂದು ಕಂಪನಿಗೆ ಮಾತ್ರ ಅನ್ವಯಿಸುವಂಥದ್ದೂ ಅಲ್ಲ.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ನಗರದ ಸುಮಾರು 14,000 ಸರಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಒಣಗಿವೆ ಎಂದು ಸರಕಾರವೇ ಹೇಳಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಗಾಳಿ ಕಕ್ಕತೊಡಗಿತು. ವರ್ಷಗಟ್ಟಲೆ "ಮುಂದಿನ ಸಭೆಯಲ್ಲಿ ನೋಡೋಣ" ಅನ್ನಿಸಿಕೊಂಡಿದ್ದ ಮಳೆನೀರಿನ ಪ್ರಸ್ತಾಪ ಟ್ಯಾಂಕರ್ ಬಿಲ್ ನೋಡಿದ್ದೇ ತಡ ಒಂದೇ ಸಭೆಯಲ್ಲಿ ಪಾಸಾಯಿತು. ಮನೆಗೆ 14,500, ಒಟ್ಟು 6,96,000 ರೂಪಾಯಿ.

ಕಂಪನಿ ಕೊಡುತ್ತೇನೆ ಅಂದದ್ದು ಇಷ್ಟು. ಟೆರೇಸಿನ ನೀರು ಸಂಪಿಗೆ. ಡ್ರೈವ್‌ವೇ ನೀರು, ಅಂದರೆ ಕಾರು ಓಡಾಡುವ ಪೇವರ್ ನೆಲದ ನೀರು, ಮೂರು ಇಂಗುಬಾವಿಗೆ. ಎರಡು ಕಡೆಯೂ ಮಳೆಯ ಆರಂಭದಲ್ಲಿ ಬರುವ ಕೊಳೆ ನೀರನ್ನು ಬೇರೆ ಮಾಡುವ ಏರ್ಪಾಡು. ಕೊಟೇಶನ್ನಿನಲ್ಲಿ ಇದಕ್ಕೆ ಅವರಿಟ್ಟ ಹೆಸರು "ಫಸ್ಟ್ ಫ್ಲಶ್ ಸಿಸ್ಟಮ್", ದೊಡ್ಡ ಅಕ್ಷರದಲ್ಲಿ. ಜಲಮಂಡಳಿಯ ನಿಯಮದಂತೆ ಛಾವಣಿಯ ಚದರ ಮೀಟರಿಗೆ 60 ಲೀಟರ್, ಹಾಸುನೆಲದ ಚದರ ಮೀಟರಿಗೆ 30 ಲೀಟರ್ ಹಿಡಿಯಬೇಕು ಅಥವಾ ಇಂಗಿಸಬೇಕು. "ನಾವು ಅದಕ್ಕಿಂತ ಜಾಸ್ತೀನೇ ಕೊಡ್ತಾ ಇದೀವಿ ಮೇಡಂ" ಅಂದರು. ಸುಳ್ಳಲ್ಲ. ಆದರೆ ಆ ನಿಯಮ ಹೇಳುವುದು ಎಷ್ಟು ನೀರು ಅಂತ. ಎಂಥ ನೀರು ಅಂತ ನಾವೇ ಕೇಳಬೇಕಿತ್ತು, ಕೇಳಲಿಲ್ಲ.

ಮೊದಲ ನೀರನ್ನು ಬೇರೆ ಮಾಡುವುದು ಹೊಸ ವಿಷಯವೇನೂ ಅಲ್ಲ. ನಮ್ಮಜ್ಜಿ ಹಂಚಿನ ಮನೆಯ ಸೂರಿನಡಿ ಹಂಡೆ ಇಡುವಾಗ, ಹಂಚು ತೊಳೆದು ಹೋಗುವ ತನಕ ಕಾದು ಆಮೇಲೆ ಇಡುತ್ತಿದ್ದಳು. ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿ ಹಿಕ್ಕೆ, ಒಣಗಿದೆಲೆ ಎಲ್ಲ ಹಳೆ ಬಾಕಿಯಿದ್ದ ಹಾಗೆ; ಮೊದಲ ಮಳೆ ಬಂದಾಗ ಒಟ್ಟಿಗೆ ವಸೂಲಾಗುತ್ತದೆ. ಡ್ರೈವ್‌ವೇ ಮೇಲೆ ಇದರ ಜೊತೆಗೆ ಟೈರು ಸವೆದ ಪುಡಿ, ಬ್ರೇಕಿನ ಪುಡಿ, ಎಂಜಿನ್ ಆಯಿಲ್ ಹನಿಗಳು. ಟೈರಿನಿಂದ ಸತು, ಬ್ರೇಕಿನಿಂದ ತಾಮ್ರ. ಅಜ್ಜಿಯ ಹಂಚಿನ ಮೇಲೆ ಅವಿರಲಿಲ್ಲ.

ಟೆರೇಸಿನ ಕಥೆ ಮೊದಲು ಮುಗಿಸುತ್ತೇನೆ, ಅದು ಸುಲಭದ್ದು. 850 ಚದರ ಮೀಟರ್ ಟೆರೇಸಿಗೆ ನೀರು ಕೆಳಗಿಳಿಸುವ ಆರು ಡೌನ್‌ಟೇಕ್ ಪೈಪು. ಪ್ರತಿಯೊಂದರ ಪಕ್ಕಕ್ಕೂ ಆರು ಇಂಚಿನ, ಎರಡು ಮೀಟರ್ ಉದ್ದದ ಇನ್ನೊಂದು ಪೈಪನ್ನು ನೆಟ್ಟಗೆ ನಿಲ್ಲಿಸಿ, ತಳಕ್ಕೆ ಎಂಡ್ ಕ್ಯಾಪ್ ಹಾಕಿದರು. ಮೊದಲ ನೀರು ಅದಕ್ಕೆ ತುಂಬುತ್ತದೆ, ತುಂಬಿದ ಮೇಲಿನದು ಸಂಪಿಗೆ. "ಮೊದಲ ಹತ್ತು ನಿಮಿಷದ ನೀರು ಆಚೆ ಹೋಗತ್ತೆ" ಅಂದ ಕಂಪನಿಯ ಹುಡುಗನ ಮಾತನ್ನು ನಾನೂ ನಂಬಿದೆ. ಆಮೇಲೊಂದು ಸಂಜೆ ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. ಅಷ್ಟು ಪೈಪಿಗೆ ಹಿಡಿಯುವುದು 35 ಲೀಟರ್. ಆರು ಪೈಪಿಗೆ 210. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅಂದರೆ ನಮ್ಮ ಟೆರೇಸಿನ ಕಾಲು ಮಿಲಿಮೀಟರ್ ಮಳೆಗೆ ಆ ಪೈಪುಗಳು ಭರ್ತಿ! ಗಂಟೆಗೆ 30 ಮಿ.ಮೀ. ವೇಗದ ಜೋರು ಮಳೆಯಲ್ಲಿ ಅರ್ಧ ನಿಮಿಷವೂ ಬೇಡ. ಕೊಳೆ ಇನ್ನೂ ಟೆರೇಸಿನ ಮೂಲೆಯಿಂದ ಹೊರಟಿರುವುದಿಲ್ಲ, ಇತ್ತ ಪೈಪು ತುಂಬಿ ನೀರು ಸಂಪಿನ ದಾರಿ ಹಿಡಿದಿರುತ್ತದೆ.

ಸ್ವಚ್ಛ ಛಾವಣಿಗೆ ಅರ್ಧ ಮಿಲಿಮೀಟರ್, ಕೊಳೆ ಹೆಚ್ಚಿದ್ದರೆ ಎರಡು ಮಿಲಿಮೀಟರ್ ಬಿಡಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಎದುರಿಗೇ ಕಟ್ಟಡದ ಕೆಲಸ ನಡೆಯುತ್ತಿರುವ ನಮಗೆ ಎರಡೇ ಸರಿ, ಅಂದರೆ 1,700 ಲೀಟರ್. ಕೊನೆಗೆ ಆರು ಕಡೆಯೂ 200 ಲೀಟರಿನ ನೀಲಿ ಡ್ರಮ್ಮು ತರಿಸಿ ನಾವೇ ಕೂರಿಸಿದೆವು. 1,200 ಲೀಟರ್ ಆಯಿತು, 1.4 ಮಿ.ಮೀ. ಪೂರ್ತಿ ಅಲ್ಲ, ಪರವಾಗಿಲ್ಲ. ಡ್ರಮ್ಮಿನ ತಳದ ನಲ್ಲಿ ಸದಾ ಹನಿಯುವಷ್ಟು ಬಿಟ್ಟಿದ್ದೇವೆ, ಮರುದಿನಕ್ಕೆ ಖಾಲಿ. ಆ ನೀರು ದಾಸವಾಳದ ಗಿಡಗಳಿಗೆ.

ಹಾಗಾಗಿ ಯಾರಾದರೂ ನಿಮಗೆ ಮೊದಲ ನೀರನ್ನು ನಿಮಿಷದಲ್ಲಿ ಅಳೆದು ಹೇಳಿದರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ. ಜಿಟಿಜಿಟಿ ಮಳೆಯ ಹತ್ತು ನಿಮಿಷ ನೆಲವನ್ನು ಒದ್ದೆ ಮಾಡುತ್ತದೆ, ಅಷ್ಟೆ. ಆಲಿಕಲ್ಲು ಮಳೆಯ ಹತ್ತು ನಿಮಿಷ ಊರನ್ನೇ ತೊಳೆಯುತ್ತದೆ.

ಇನ್ನು ಡ್ರೈವ್‌ವೇ. ಹಣದ ಬಹುಪಾಲು ಹೋದದ್ದು ಇಲ್ಲಿಗೆ, ನನ್ನ ನಿದ್ದೆ ಹೋದದ್ದೂ ಇಲ್ಲಿಗೆ.

1,400 ಚದರ ಮೀಟರ್ ನೆಲ. ಗೇಟಿನ ಹತ್ತಿರ ಇಳಿಜಾರು ಮುಗಿಯುವ ಕಡೆ ಅಡ್ಡಕ್ಕೆ ಜಾಲರಿ ಹಾಕಿದ ಚರಂಡಿ, ಅಲ್ಲಿಂದ ಎರಡು ಅಡಿ ಆಳದ ಹೂಳುಗುಂಡಿ, ಅಲ್ಲಿಂದ ನೆಲದಡಿಯ ಕಾಂಕ್ರೀಟ್ ತೊಟ್ಟಿ. ತೊಟ್ಟಿ 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ನೀರು ನಿಲ್ಲುವ ಆಳ 1.4 ಮೀಟರ್: 17,500 ಲೀಟರ್. ಇದನ್ನು 1,400 ಚದರ ಮೀಟರಿಗೆ ಹಂಚಿದರೆ ಹನ್ನೆರಡೂವರೆ ಮಿಲಿಮೀಟರ್, ಅರ್ಧ ಇಂಚು. ಅಮೆರಿಕದ ಫ್ಲಾರಿಡಾದಿಂದ ಹಬ್ಬಿದ ಅರ್ಧ ಇಂಚಿನ ಲೆಕ್ಕ ಇದೇ. ಒಂದು ಇಂಚು ಬೇಕು ಅನ್ನುವವರೂ ಇದ್ದಾರೆ. ನಮ್ಮ ಜಾಗಕ್ಕೆ, ನಮ್ಮ ಜೇಬಿಗೆ ಅರ್ಧ ಇಂಚು ಸಾಕಿತ್ತು. ಅಳತೆಯಲ್ಲಿ ಕಂಪನಿಯ ತಪ್ಪಿಲ್ಲ, ಪೂರ್ತಿ ಅಂಕ.

ಆ ವರ್ಷ ಏಪ್ರಿಲಿನಲ್ಲಿ ಬೆಂಗಳೂರಿಗೆ ಮಳೆಯೇ ಇಲ್ಲ. ಅಶ್ವಿನಿ ಬರಿದೇ ಹೋಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ; ಮೇ ತಿಂಗಳ ಮೊದಲ ವಾರ ಭರಣಿ ಕಣ್ಣು ಬಿಟ್ಟಾಗ ನಮ್ಮ ಓಣಿಯಲ್ಲಿ ಜನ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದರು. ನಾನು ಕೊಡೆ ಹಿಡಿದು ಗೇಟಿನ ಹತ್ತಿರ ಓಡಿದೆ, ಕೈಯಲ್ಲಿ ಆರು ಗಾಜಿನ ಬಾಟಲಿ. ಇದು ತಮ್ಮನ ಮಗಳು ಹೇಳಿಕೊಟ್ಟದ್ದು. ಅವಳು ಪರಿಸರ ಎಂಜಿನಿಯರಿಂಗ್ ಓದಿದವಳು. "ಅತ್ತೆ, ಕಂಪನಿಯವರ ಬ್ರೋಶರ್ ಬಿಡಿ. ಐದೈದು ನಿಮಿಷಕ್ಕೆ ಒಂದೊಂದು ಬಾಟ್ಲಿ ಹಿಡಿದು ಕಿಟಕೀಲಿಡಿ. ಅವೇ ಹೇಳ್ತವೆ" ಅಂದಿದ್ದಳು.

ಮೊದಲನೆಯದು ರಾಗಿ ಅಂಬಲಿ, ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪೊರೆ. ಎರಡನೆಯದು ಎರಡನೇ ಸಲ ಇಳಿಸಿದ ಡಿಕಾಕ್ಷನ್. ಮೂರನೆಯದು ತಿಳಿಯಾಗಬೇಕಿತ್ತು, ಎರಡನೆಯದಕ್ಕಿಂತ ಕೊಳಕಾಗಿತ್ತು. ಹೊತ್ತಿಗೆ ಸರಿಯಾಗಿ ಮಳೆ ಬಿರುಸಾಗಿ, ಪೇವರ್ ಸಂದಿಯಲ್ಲಿ ಕೂತಿದ್ದನ್ನೆಲ್ಲ ಎಬ್ಬಿಸಿತ್ತು. ಐದು, ಆರನೆಯವು ಮಜ್ಜಿಗೆ ನೀರು. ಫೋನಿನಲ್ಲಿ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಮೊದಲ ಶೇಕಡಾ 30 ನೀರಿನಲ್ಲೇ ಶೇಕಡಾ 80 ಕೊಳೆ ಬರಬೇಕು ಎಂಬ ಕಟ್ಟುನಿಟ್ಟಿನ ಅಳತೆಯನ್ನು 1998ರಲ್ಲಿ ಫ್ರಾನ್ಸಿನ ಸಂಶೋಧಕರು ಇಟ್ಟು ನೋಡಿದಾಗ, ಅದಕ್ಕೆ ಹೊಂದುವ ಮಳೆಗಳು ಬಹಳ ಅಪರೂಪ ಎಂದು ಕಂಡಿತಂತೆ. ಮೊದಲ ನೀರು ಹೆಚ್ಚು ಕೊಳೆ, ಸರಿ. ಕೊಳೆಯೆಲ್ಲ ಮೊದಲ ನೀರಲ್ಲೇ ಅಂತಲ್ಲ. ಅದಕ್ಕೇ ತೊಟ್ಟಿಯಾಚೆ ಹೋಗುವ ನೀರಿಗೂ ಸೋಸಲು ಒಂದು ಮರಳಿನ ಹಾಸು ಬೇಕೇ ಬೇಕು. ನಮ್ಮಲ್ಲಿ ಇತ್ತು, ಪುಣ್ಯ.

ಬಾಟಲಿಗಳು ಅಡುಗೆಮನೆ ಕಿಟಕಿಯಲ್ಲಿ ಕೂತವು. ನಮ್ಮನೆಯವರು ಮೊದಲನೆಯದನ್ನು ಹುಣಸೆರಸ ಅಂದುಕೊಂಡು ಫ್ರಿಜ್ಜಿಗಿಟ್ಟಿದ್ದರು, ಅದು ಬೇರೆ ಮಾತು. ಮರುದಿನಕ್ಕೆ ಮರಳು, ದಪ್ಪ ಮಣ್ಣು ತಳಕ್ಕಿಳಿದಿತ್ತು. ಮೂರನೇ ದಿನವೂ ಮೊದಲ ಬಾಟಲಿಯ ಮಬ್ಬು ಹೋಗಿರಲಿಲ್ಲ. ಸತು, ತಾಮ್ರದಂಥವು ಅಂಟಿಕೊಳ್ಳುವುದು ಆ ನುಣ್ಣನೆಯ ಮಣ್ಣಿಗೇ ಅಂತೆ. ಹೂಳುಗುಂಡಿ ಹಿಡಿಯುವುದು ಮರಳನ್ನು. ನುಣ್ಣಗಿನದ್ದು ಇಳಿಯಬೇಕಾದರೆ ನೀರು ಅಲುಗಾಡದೆ ಒಂದು ದಿನವಾದರೂ ನಿಲ್ಲಬೇಕು.

ಅಲುಗಾಡದೆ. ಕಂಪನಿ ಎಡವಿದ್ದು ಇಲ್ಲೇ.

ಅವರು ತೊಟ್ಟಿಯನ್ನು ದಾರಿಯ ನಡುವೆ ಇಟ್ಟಿದ್ದರು. ಒಂದು ಕಡೆಯಿಂದ ನೀರು ಒಳಗೆ, ಇನ್ನೊಂದು ಕಡೆಯಿಂದ ಹೊರಗೆ, ಅಲ್ಲಿಂದ ಮರಳಿನ ಹಾಸು, ಅಲ್ಲಿಂದ ಬಾವಿ. ಸಣ್ಣ ಮಳೆಗೆ ಇದು ಚೆನ್ನಾಗಿಯೇ ನಡೆಯಿತು. 2024ರ ಜೂನ್ 2, ಭಾನುವಾರ. ನಗರದ ಹವಾಮಾನ ಕೇಂದ್ರದಲ್ಲಿ ಆ ದಿನ 111.1 ಮಿ.ಮೀ. ದಾಖಲಾಯಿತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು. ಅಷ್ಟೇ ಮಳೆ ನಮ್ಮ ಡ್ರೈವ್‌ವೇ ಮೇಲೆ ಬಿತ್ತು ಅಂದುಕೊಂಡರೆ ಒಂದೂವರೆ ಲಕ್ಷ ಲೀಟರಿಗೂ ಮೇಲೆ, ತೊಟ್ಟಿಯ ಒಂಬತ್ತರಷ್ಟು. ಅಷ್ಟೂ ನೀರು ಆ ತೊಟ್ಟಿಯೊಳಗೇ ನುಗ್ಗಿ ಹೋಯಿತು. ಮೇ ತಿಂಗಳಿಡೀ ತಳದಲ್ಲಿ ಕೂತಿದ್ದ ಕೆಸರನ್ನು ಕಡೆಗೋಲಿನಲ್ಲಿ ಕಡೆದಂತೆ ಎಬ್ಬಿಸಿ ಮರಳಿನ ಹಾಸಿನ ಮೇಲೆ ಸುರಿಯಿತು, ಹಾಸು ಕಟ್ಟಿಕೊಂಡಿತು, ನೀರು ಹಾಸಿನ ಮೇಲಿಂದ ಹಾರಿ ನೇರ ಬಾವಿಗೆ. ಮರುದಿನ ಬೆಳಿಗ್ಗೆ ಇಂಗುಬಾವಿ ಇಣುಕಿದರೆ ಬೋರ್ನ್‌ವಿಟಾ.

ಬಾವಿ ಶುಚಿ ಮಾಡಲು ಬಂದವರು ತಲೆಮಾರುಗಳಿಂದ ಬಾವಿ ತೋಡುವ ಮಣ್ಣೊಡ್ಡರ ಹಿರಿಯರು. ಸರ್ಜಾಪುರದ ಕಡೆ ಭೋವಿಪಾಳ್ಯದಲ್ಲಿ ಇವರ ಮನೆಗಳಿವೆ. ಮೂರಡಿ ಅಗಲದ ರಿಂಗಿನ ಬಾವಿಗೆ, ಮೂವತ್ತು ಅಡಿ ಕೆಳಕ್ಕೆ, ಅವರು ಮೆಟ್ಟಿಲಿಳಿದಂತೆ ಇಳಿದರು. ಮೇಲೆ ಬಂದಾಗ ಕೈಯಲ್ಲಿ ಬೆಣ್ಣೆಯಂಥ ಕಪ್ಪು ಜೇಡಿ. "ಅಮ್ಮಾ, ಬಾವಿಗೆ ಮಣ್ಣು ತಿನ್ನಿಸಿಬಿಟ್ರೆ ಅದು ನೀರು ಹೆಂಗೆ ಕುಡಿಯತ್ತೆ?" ಅಂದರು. ಒಂದು ಗೇಣು ದಪ್ಪ ಕೂತಿತ್ತು.

ಕಂಪನಿಯ ಎಂಜಿನಿಯರ್ ಬಂದರು. ಪ್ರಕೃತಿ ವಿಕೋಪ ಅಂದರು. ಅದಕ್ಕೆ ನಾನು, "ಸರ್, ದೊಡ್ಡ ಮಳೆ ಬರುವ ದಿನಕ್ಕೇ ಅಲ್ವಾ ಇದನ್ನ ಕಟ್ಟಿಸಿದ್ದು?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಕೊನೆಗೆ ಪರಿಹಾರ ಬಹಳ ಸರಳವಾಗಿತ್ತು. ತೊಟ್ಟಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸುವುದು. ಅಂದರೆ ತೊಟ್ಟಿ ಅಲ್ಲೇ ಇರುತ್ತದೆ, ದಾರಿ ಬದಲಾಗುತ್ತದೆ. ಹೂಳುಗುಂಡಿಯ ಮುಂದೆ ಒಂದು ಪುಟ್ಟ ಚೇಂಬರ್, ಅದರೊಳಗೆ ಅಡ್ಡಗಟ್ಟೆ. ಮೊದಲ ನೀರು ತಗ್ಗಿನಲ್ಲಿರುವ ತೊಟ್ಟಿಗೆ ಹೋಗುತ್ತದೆ. ತೊಟ್ಟಿ ತುಂಬಿದಾಗ ಚೇಂಬರಿನ ಮಟ್ಟ ಏರಿ, ಮುಂದಿನ ನೀರು ಅಡ್ಡಗಟ್ಟೆ ದಾಟಿ ಮರಳಿನ ಹಾಸಿಗೆ ಹೋಗುತ್ತದೆ. ತುಂಬಿದ ತೊಟ್ಟಿಯನ್ನು ಅದು ಮುಟ್ಟುವುದೇ ಇಲ್ಲ. ಒಳಗೆ ಕೊಳೆ ತಣ್ಣಗೆ ಕೂತಿರುತ್ತದೆ, ಹೊರಗೆ ಎಷ್ಟು ಮಳೆಯಾದರೂ ಆಗಲಿ. ಬಾಯಿ ಕೆಳಗೆ ಮಾಡಿದ ಬೆಂಡ್ ಒಂದನ್ನು ತೊಟ್ಟಿಯಿಂದ ನೀರು ಬಿಡುವ ಪೈಪಿಗೆ ಹಾಕಿಸಿದೆವು, ತೇಲುವ ಎಣ್ಣೆ ಒಳಗೇ ಉಳಿಯಲಿ ಅಂತ. ಇದಕ್ಕೆ 85,000 ಹೆಚ್ಚಿಗೆ ಕೇಳಿದರು. ಅರ್ಧಕ್ಕೆ ಇತ್ಯರ್ಥವಾಯಿತು. ನನ್ನ ಪ್ರಕಾರ ಒಂದು ಪೈಸೆಯೂ ಕೊಡಬಾರದಿತ್ತು, ಅಧ್ಯಕ್ಷರಿಗೆ ಜಗಳ ಆಗದು.

ಎರಡನೇ ಎಡವಟ್ಟು ಅಕ್ಟೋಬರಿನಲ್ಲಿ ಕಂಡಿತು. ತೊಟ್ಟಿ ಖಾಲಿ ಮಾಡಲು ಕೈಯಲ್ಲಿ ತಿರುಗಿಸುವ ವಾಲ್ವ್ ಇಟ್ಟಿದ್ದರು. ಗಾರ್ಡುಗಳು ಎರಡು ಪಾಳಿ, ತಿಂಗಳಿಗೊಮ್ಮೆ ಬದಲಾಗುವವರು. ಯಾರು ಯಾವಾಗ ತಿರುಗಿಸಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲ. ನಾಲ್ಕು ದಿನ ಸಾಲಾಗಿ ಮಳೆ ಬಂತು, ತೊಟ್ಟಿ ಮೊದಲ ದಿನದ ನೀರಿನಿಂದಲೇ ತುಂಬಿ ಕೂತಿತ್ತು, ಮಿಕ್ಕ ಮೂರು ದಿನದ ಮೊದಲ ನೀರು ನಗುನಗುತ್ತಾ ಅಡ್ಡಗಟ್ಟೆ ದಾಟಿತು. ತುಂಬಿದ ತೊಟ್ಟಿ ಮತ್ತು ಇಲ್ಲದ ತೊಟ್ಟಿ ಎರಡೂ ಒಂದೇ. ಮೇಲಿಂದ ಸೊಳ್ಳೆ.

ಈಗ ವಾಲ್ವ್ ಕಿತ್ತು ಸಣ್ಣ ತೂತಿನ ಕ್ಯಾಪ್ ಹಾಕಿದ್ದೇವೆ. 17,500 ಲೀಟರ್ ಒಂದು ದಿನಕ್ಕೆ ಖಾಲಿಯಾಗಬೇಕಾದರೆ ನಿಮಿಷಕ್ಕೆ 12 ಲೀಟರ್. ಅಷ್ಟು ಹೋಗುವ ತೂತನ್ನು ನಮ್ಮ ಪ್ಲಂಬರ್ ಬಕೆಟ್ಟು, ಮೊಬೈಲು ಇಟ್ಟುಕೊಂಡು ಮೂರು ಸಲ ಕೊರೆದು ಹೊಂದಿಸಿದ. ತೂತು ಚಿಕ್ಕದು, ಆದ್ದರಿಂದ ಕಟ್ಟಿಕೊಳ್ಳುತ್ತದೆ. ಬೇಸಿಗೆ ಮಳೆಯಲ್ಲಿ ಹೊಂಗೆ ಹೂ ಕಂಬಳಿಯ ಹಾಗೆ ಬಂದು ಜಾಲರಿಗೆ ಹೊದ್ದುಕೊಳ್ಳುತ್ತದೆ. ಕೈಯಲ್ಲಿ ಬಾಚಿ ತೆಗೆಯುವುದೊಂದೇ ದಾರಿ.

ತೊಟ್ಟಿಯಿಂದ ನಿಧಾನವಾಗಿ ಇಳಿಯುವ ನೀರು ಎಲ್ಲಿಗೆ? ಇದನ್ನು ಹೆಚ್ಚಿನ ಅಪಾರ್ಟ್‌ಮೆಂಟುಗಳು ಕೇಳುವುದೇ ಇಲ್ಲ. ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಬಿಡುವ ಹಾಗಿಲ್ಲ. ಮಳೆನೀರು ಒಳಚರಂಡಿಗೆ ಸೇರಿದರೆ ಓಣಿಯ ಮ್ಯಾನ್‌ಹೋಲ್ ಉಕ್ಕುತ್ತದೆ. ರಸ್ತೆ ಮೋರಿಗೆ ಹಾಗೇ ಬಿಟ್ಟರೆ ಕೊಳೆ ರಾಜಕಾಲುವೆ ಹಿಡಿದು ವರ್ತೂರು ಕೆರೆಯ ಕಡೆಗೆ. ನಮ್ಮ ಬಾವಿ ಉಳಿಸಿ ಕೆರೆಗೆ ಕೊಟ್ಟ ಹಾಗಾಯಿತು. ಇಲ್ಲಿ ಕಂಪನಿಯನ್ನು ಮನಸಾರೆ ಹೊಗಳುತ್ತೇನೆ. ಕಾಂಪೌಂಡಿನ ಪಕ್ಕ ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಗಿಡದ ಪಾತಿ ಮಾಡಿ, ಮರಳು ಮಿಶ್ರ ಮಣ್ಣು ತುಂಬಿ, ಕಾಬಾಳೆ ಮತ್ತು ಲಾವಂಚ ನೆಟ್ಟರು. ತೊಟ್ಟಿಯ ನೀರು ಅದರ ಮೂಲಕ ಸೋಸಿಕೊಂಡು, ತಳದ ಪೈಪಿನಿಂದ ಮೋರಿ ಸೇರುತ್ತದೆ. ಎರಡು ವರ್ಷದಲ್ಲಿ ಒಮ್ಮೆಯೂ ಕಟ್ಟಿಲ್ಲ. ಕಾಬಾಳೆ ಹೂವಿಗೆ ಬೆಳಗಿನ ವಾಕಿಂಗ್ ಹೆಂಗಸರ ಪೈಪೋಟಿ ಶುರುವಾಗಿದೆ. ಎಂಜಿನ್ ಆಯಿಲ್ ಕುಡಿದ ಗಿಡದ ಹೂ ದೇವರಿಗೆ ಆಗುತ್ತದೋ ಇಲ್ಲವೋ ಎಂಬ ಚರ್ಚೆ ವಾಟ್ಸಾಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇದೇ ತೊಟ್ಟಿಯನ್ನು ರಾಜಕಾಲುವೆಯ ಬಾಯಲ್ಲಿ ದೊಡ್ಡದಾಗಿ ಕಟ್ಟಿದರೆ ಆಗದೇ ಎಂದು ಮೂರನೇ ಮಹಡಿಯ ರಾಯರು ಸಭೆಯಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಆಗದು ಅಂತ ಸೊಸೆ, ಅಂದರೆ ತಮ್ಮನ ಮಗಳು, ವಿವರಿಸಿದ್ದು ಹೀಗೆ: ನಮ್ಮ ಗೇಟಿನ ಕೊಳೆ ಕಾಲುವೆಗೆ ಐದು ನಿಮಿಷಕ್ಕೆ ಬಂದರೆ, ನಾಲ್ಕು ಕಿಲೋಮೀಟರ್ ದೂರದ ಬಡಾವಣೆಯ ಕೊಳೆ ಗಂಟೆ ಬಿಟ್ಟು ಬರುತ್ತದೆ. ಅಲ್ಲಿಯವರ ಮೊದಲ ನೀರು ಇಲ್ಲಿಯ ನಡುಮಳೆಗೆ ಬೆರೆತಿರುತ್ತದೆ. ಮೊದಲ ನೀರು ಅನ್ನುವುದು ಸಣ್ಣ ಅಂಗಳದಲ್ಲಿ ಮಾತ್ರ ಕೈಗೆ ಸಿಗುತ್ತದೆ.

ಕಂಪನಿ ಮಾರಲು ಬಂದ ಇನ್ನೊಂದು ವಸ್ತುವನ್ನು ನಾವು ಕೊಳ್ಳಲಿಲ್ಲ: ಸೋಸಿದ ಡ್ರೈವ್‌ವೇ ನೀರನ್ನು ನೇರವಾಗಿ ಬತ್ತಿದ ಬೋರ್‌ವೆಲ್ಲಿಗೆ ಇಳಿಸುವ ಕಿಟ್, 90,000. ಇಂಗುಬಾವಿಯಿಂದ ಹೋಗುವ ನೀರಿಗೆ ಅಂತರ್ಜಲ ಮುಟ್ಟುವ ಮುಂಚೆ ಅಷ್ಟುದ್ದ ಮಣ್ಣಿನ ದಾರಿಯಿದೆ. ಬೋರ್‌ವೆಲ್ ಅಂದರೆ ನೇರ ಗಂಟಲಿಗೆ ಸುರಿದ ಹಾಗೆ. ಅಕ್ಕಪಕ್ಕದವರೂ ಅದೇ ನೀರು ಕುಡಿಯುತ್ತಾರೆ. ನೀವೂ ಕೊಳ್ಳಬೇಡಿ.

ಟೆರೇಸಿನ ಫಿಲ್ಟರ್ ಬಗ್ಗೆ ಒಂದು ಮಾತು. ಕಂಪನಿ ಕೊಟ್ಟದ್ದು ಮುಚ್ಚಿದ ಸ್ಟೀಲ್ ಡಬ್ಬಿ, ನೋಡಲು ಚೆಂದ. ಒಳಗಿನ ಜಾಲರಿ ಕಟ್ಟಿದರೆ ನೀರು ಸದ್ದಿಲ್ಲದೆ ಬೈಪಾಸಿನಲ್ಲಿ ಹೋಗುತ್ತದೆ; ಕಟ್ಟಿದೆ ಎಂದು ತಿಳಿಯುವುದೇ ಇಲ್ಲ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಹಣ ಕೊಡುವ ಮೊದಲೇ ಅಲ್ಲಿ ಒಂದು ಸುತ್ತು ಹಾಕಬೇಕಿತ್ತು ಎಂದು ಈಗ ಅನ್ನಿಸುತ್ತದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ರೂಪಿಸಿದ ಪಾಪ್‌ಅಪ್ ಫಿಲ್ಟರ್ ಇದೆಯಲ್ಲ, ವಿಜಯನಗರದ ತಮ್ಮ ಮನೆಯಲ್ಲಿ 1995ರಿಂದ ಮಳೆನೀರಲ್ಲೇ ಬದುಕಿದವರು, ಅವರ ಆ ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಭಾಗ ಮೇಲೆದ್ದು ನೀರನ್ನು ಹೊರಗೆ ಚೆಲ್ಲುತ್ತದೆ. ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಮಳೆನೀರಿನ ಸಾಮಾನು ಹಾಗೆ ಗಲಾಟೆ ಮಾಡಬೇಕು. ನಮ್ಮ ಸ್ಟೀಲ್ ಡಬ್ಬಿ ಸಂಭಾವಿತ, ಮೌನವಾಗಿ ಮೋಸ ಮಾಡುತ್ತದೆ.

ಎ.ಎಂ.ಸಿ.ಗೆ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ, ವರ್ಷಕ್ಕೆ 24,000 ಕೇಳುತ್ತಾರೆ, ಎರಡು ಭೇಟಿ. ಕಳೆದ ವರ್ಷ ಒಂದು ಭೇಟಿ ಫೆಬ್ರವರಿಯಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ಮಳೆಗಾಲದಲ್ಲಿ ಬಿಡುವಿರಲಿಲ್ಲವಂತೆ! ಈ ವರ್ಷ ನವೀಕರಿಸಲಿಲ್ಲ. ಹೌಸ್‌ಕೀಪಿಂಗಿನ ಇಬ್ಬರು ಹೆಂಗಸರು ಮಳೆ ನಿಂತ ಮರುದಿನ ಹೂಳುಗುಂಡಿ ತೆಗೆಯುತ್ತಾರೆ, ಸಲಕ್ಕೆ ತಲಾ 500. ಎರಡೇ ಅಡಿ ಆಳವಾದ್ದರಿಂದ ಮೇಲೆ ನಿಂತೇ ಎತ್ತಬಹುದು, ಯಾರೂ ಇಳಿಯಬೇಕಿಲ್ಲ. ದೊಡ್ಡ ತೊಟ್ಟಿಗೆ ಯಾರನ್ನೂ ಇಳಿಸುವುದಿಲ್ಲ ಎಂದು ಸಂಘದ ಪುಸ್ತಕದಲ್ಲೇ ಬರೆದಿದ್ದೇವೆ. ವರ್ಷಕ್ಕೊಮ್ಮೆ ಕೆಸರೆತ್ತುವ ಪಂಪಿನವರು ಬರುತ್ತಾರೆ. ಗಾರ್ಡಿನ ನೋಟ್‌ಬುಕ್ಕಿನಲ್ಲಿ ಹೂಳಿನ ಲೆಕ್ಕ ಬಾಂಡ್ಲಿಯಲ್ಲಿದೆ. 2025ರಲ್ಲಿ ಒಟ್ಟು 43 ಬಾಂಡ್ಲಿ, ಅದರಲ್ಲಿ 17 ಬೇಸಿಗೆಯ ಮೊದಲ ಎರಡು ಮಳೆಯವು. ಇಂಗುಬಾವಿಯ ತಳದಲ್ಲಿ ಈ ಸಲ ಎರಡು ಬೆರಳು ಮಣ್ಣು, ಹೋದ ಸಲ ಗೇಣು.

ಐದಕ್ಕೆ ಮೂರು ನಕ್ಷತ್ರ. ಅಳತೆಗೆ, ಗಿಡದ ಪಾತಿಗೆ ಕೊಟ್ಟೆ. ತೊಟ್ಟಿ ಇಟ್ಟ ಜಾಗಕ್ಕೆ, ಅರ್ಧ ನಿಮಿಷದ ಪೈಪಿಗೆ ಕಳೆದೆ. ಒಪ್ಪಂದದಲ್ಲಿ ಶೇಕಡಾ 5 ತಡೆಹಿಡಿಯುವ ಷರತ್ತು ಹಾಕಿಸಿದ್ದೆ, 34,800 ರೂಪಾಯಿ. ಕಂಪನಿಯ ಹುಡುಗ ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೂಳುಗುಂಡಿಯ ಮೇಲೆ ಅವರು ಕೂರಿಸಿದ ಕಾಂಕ್ರೀಟ್ ಮುಚ್ಚಳ ಎತ್ತಲು ನಾಲ್ಕು ಗಂಡಸರು ಬೇಕು, ತೆಗೆಯುವವರು ಇಬ್ಬರು ಹೆಂಗಸರು. ಹಿಡಿಯಿರುವ ಹಗುರ ಫೈಬರ್ ಮುಚ್ಚಳ ತಂದು ಹಾಕಲಿ, ಅಂದೇ ಚೆಕ್ ಬರೆಯುತ್ತೇನೆ.